ಧರಣಿಗೂ ತಾಲೀಮು ಬೇಕು

ನಮ್ಮದು ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಹಳ್ಳಿ. ನಮ್ಮ ಕೇರಿಯಿಂದ ಸ್ಮಶಾನಕ್ಕೆ ಅರ್ಧ ಕಿಲೋಮೀಟರ್ ಬಂಡಿದಾರಿ. ದಾರಿ ಇದ್ದದ್ದು ಗ್ರಾಮ ನಕಾಶೆಯಲ್ಲಿ ಮಾತ್ರ. ನೆಲದ ಮೇಲೆ ಕಬ್ಬು ನಿಂತಿತ್ತು. ಯಾರಾದರೂ ತೀರಿಕೊಂಡರೆ ಗದ್ದೆ ಬದುವಿನ ಮೇಲೆ ಚಟ್ಟ ಹೊತ್ತು ಹೋಗಬೇಕು. ಬದು ಒಬ್ಬರು ನಡೆಯುವಷ್ಟೇ ಅಗಲ. ಹೊರುವವರು ಎರಡೂ ಕಡೆ ಕೆಸರಿಗೆ ಇಳಿಯಬೇಕು.

ಒಂದು ಮಳೆಗಾಲದಲ್ಲಿ ನನ್ನ ದೊಡ್ಡಪ್ಪ ಹೋಗಿಬಿಟ್ಟರು. ಹೊತ್ತವರ ಕಾಲು ಜಾರಿ ಚಟ್ಟ ಗದ್ದೆಗೆ ಬಿತ್ತು. ದೊಡ್ಡಪ್ಪನ ಮುಖದ ಕೆಸರನ್ನು ನನ್ನ ಪಂಚೆಯ ಸೆರಗಿನಿಂದ ಒರೆಸಿದೆ. ಅದನ್ನು ಮರೆಯೋಕೆ ಆಗಿಲ್ಲ. ಹುಡುಗರಿಗೆ ಸಿಟ್ಟು ತಡೆಯಲಾಗಲಿಲ್ಲ. ಹೆಣವನ್ನು ಅಲ್ಲಿಂದಲೇ ತಿರುಗಿಸಿ ತಂದು ಮುಖ್ಯ ರಸ್ತೆಯಲ್ಲಿಟ್ಟು ಕೂತೆವು. ಮಾತಿಗೆ ಮಾತು ಬೆಳೆಯಿತು. ಗುಂಪಿನಿಂದ ಒಂದು ಕಲ್ಲು ಹೋಗಿ ಬಸ್ಸಿನ ಗಾಜಿಗೆ ಬಿತ್ತು. ಯಾರು ಎಸೆದರೋ ಇವತ್ತಿಗೂ ಗೊತ್ತಿಲ್ಲ. ಒಂಬತ್ತು ಜನರ ಮೇಲೆ ಕೇಸಾಯಿತು. ಮಾರನೇ ದಿನ ಎಲ್ಲರ ಬಾಯಲ್ಲೂ ಗಾಜಿನ ಮಾತು. ದಾರಿ ವಿಷಯ ಯಾರಿಗೂ ಬೇಕಿರಲಿಲ್ಲ. ಹುಡುಗರು ವರ್ಷಗಟ್ಟಲೆ ಕೂಲಿ ಬಿಟ್ಟು ಕೋರ್ಟಿಗೆ ಅಲೆದರು.

ಆ ಕೇಸು ಮುಗಿದ ಮೇಲೆ ಮತ್ತೆ ಶುರು ಮಾಡಿದೆವು. ಈ ಸಲ ಕಾಗದದಿಂದ.

ನಾನು ಊರಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಫೈಲು ಅಲ್ಲೇ, ಬಟ್ಟೆ ಗಂಟುಗಳ ಪಕ್ಕ ಇರುತ್ತಿತ್ತು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಗ್ರಾಮ ನಕಾಶೆ, ಅಕ್ಕಪಕ್ಕದ ಸರ್ವೆ ನಂಬರುಗಳ ಟಿಪ್ಪಣಿ (ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ಕೇಳಿದೆವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ ಇರಬೇಕು. ನನ್ನ ಮೊದಲನೇ ಅರ್ಜಿ ಮೂರು ಪುಟ ಇತ್ತು, ಕಷ್ಟವೆಲ್ಲ ತೋಡಿಕೊಂಡಿದ್ದೆ. ಅದು ವಾಪಸ್ ಬಂತು. ಎರಡನೆಯದನ್ನು ಆರು ಸಾಲಿನಲ್ಲಿ ಬರೆದೆ. 30 ದಿನದಲ್ಲಿ ಕೊಡಬೇಕಿದ್ದ ಉತ್ತರ ಬರಲಿಲ್ಲ. ಮೇಲ್ಮನವಿ ಹಾಕಿದ ಮೇಲೆ ನಕಾಶೆ ಕೈಗೆ ಬಂತು. ಪ್ರತಿ ಸಲವೂ ಟಪಾಲು ವಿಭಾಗದಲ್ಲಿ ನಕಲು ಪ್ರತಿಗೆ ಸೀಲು ಹಾಕಿಸಿಕೊಂಡೆವು. ಸೀಲಿಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಕಾನೂನು ನಮ್ಮ ಕಡೆಗೇ ಇತ್ತು. ಸಾರ್ವಜನಿಕ ದಾರಿ ಸರ್ಕಾರದ ಸ್ವತ್ತು ಅಂತ ಭೂಕಂದಾಯ ಕಾಯ್ದೆ ಹೇಳುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನೂ ದಾರಿ, ಬಾವಿ, ಸ್ಮಶಾನದಿಂದ ತಡೆಯುವಂತಿಲ್ಲ ಅಂತ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಹೇಳುತ್ತದೆ. ಕೇಸು ಜಡಿಯೋಣ ಅಂತ ಕೆಲವರು ಹೇಳಿದರು. ಅದು ನಮ್ಮ ಹಕ್ಕು, ಬೇಕಾದಾಗ ಬಳಸಲೇಬೇಕು. ಆದರೆ ಮುಂದಿನ ಸಾವಿನ ಹೊತ್ತಿಗೆ ನಮಗೆ ಬೇಕಿದ್ದದ್ದು ದಾರಿ. ಅದಕ್ಕೆ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂರೋಣ ಅಂತಾಯಿತು.

ನಮ್ಮ ಕೇರಿಯ ನಿವೃತ್ತ ಮೇಷ್ಟ್ರು ಆಗ ಮಹಾರಾಷ್ಟ್ರದ ಮಹಾಡ್ ಊರಿನ ಕೆರೆಯ ವಿಷಯ ಹೇಳಿದರು. ಸಾರ್ವಜನಿಕ ನೀರು ಎಲ್ಲರಿಗೂ ಅಂತ ಮುಂಬೈ ಶಾಸನ ಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಒಪ್ಪಿತ್ತು. ಆದರೂ ಚವದಾರ್ ಕೆರೆಗೆ ನಮ್ಮವರು ಇಳಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರು ಕುಡಿದರು. ಆಮೇಲೆ ಊರಿನವರು ಗುಂಪು ಕಟ್ಟಿ ಬಂದು ಹೊಡೆದರು. ತಿರುಗಿ ಹೊಡೆಯಲು ಬಾಬಾಸಾಹೇಬರು ನಮ್ಮವರನ್ನು ಬಿಡಲಿಲ್ಲ. "ಅಷ್ಟು ಜನ ಕೈ ಎತ್ತದೆ ನಿಂತರಲ್ಲ, ನಮ್ಮ ಕೈಲಿ ಆಗುತ್ತೇನ್ರಪ್ಪಾ?" ಅಂತ ಮೇಷ್ಟ್ರು ಕೇಳಿದರು. ಆಗಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಬಸ್ಸಿನ ಗಾಜು ನೆನಪಿತ್ತು.

ಅಮೆರಿಕದ ಕಥೆಯನ್ನೂ ಹೇಳಿದ್ದು ಅವರೇ. ಜೇಮ್ಸ್ ಲಾಸನ್ ಅಂತ ಒಬ್ಬ ಕಪ್ಪು ಜನರ ಪಾದ್ರಿ 1950ರ ದಶಕದಲ್ಲಿ ನಮ್ಮ ನಾಗಪುರದಲ್ಲಿದ್ದು ಗಾಂಧಿಯವರ ದಾರಿಯನ್ನು ಕಲಿತು ಹೋದರು. ನ್ಯಾಶ್‌ವಿಲ್ ಊರಿನಲ್ಲಿ ಬಿಳಿಯರು ಕೂತು ತಿನ್ನುವ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಜಾಗ ಇರಲಿಲ್ಲ. ಅಲ್ಲಿ ಹೋಗಿ ಕೂರುವ ಮೊದಲು ಲಾಸನ್ ವಿದ್ಯಾರ್ಥಿಗಳಿಗೆ ತಿಂಗಳುಗಟ್ಟಲೆ ತಾಲೀಮು ಕೊಟ್ಟರು. ಅವರಲ್ಲೇ ಕೆಲವರು ಬಿಳಿಯರ ಪಾತ್ರ ಮಾಡಿ ಬೈಯಬೇಕು, ಕುರ್ಚಿಯಿಂದ ಎಳೆದು ಹಾಕಬೇಕು. ಉಳಿದವರು ಸುಮ್ನೆ ತಡೆದುಕೊಳ್ಳಬೇಕು. 1960ರ ಫೆಬ್ರುವರಿಯಲ್ಲಿ ಕೂತರು, ಮೇ ತಿಂಗಳಿನಲ್ಲಿ ಆ ಜಾಗಗಳು ತೆರೆದವು.

ತಾಲೀಮು ಅಂದ ತಕ್ಷಣ ನಮ್ಮವರಿಗೆ ಅರ್ಥ ಆಯಿತು. ಹಬ್ಬಕ್ಕೆ ಪೌರಾಣಿಕ ನಾಟಕ ಆಡಬೇಕಾದರೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ಮೂರು ತಿಂಗಳು ಕಲಿಯುತ್ತೇವೆ. ಒಂದು ರಾತ್ರಿಯ ನಾಟಕಕ್ಕೆ ಅಷ್ಟು ಮಾಡುವವರು ದಾರಿಗೋಸ್ಕರ ಮಾಡಬಾರದಾ?

ಭಾನುವಾರ ಸಂಜೆ ಅಂಬೇಡ್ಕರ್ ಭವನದ ಮುಂದೆ ಸೇರಿದೆವು. ಆರು ವಾರ. ದುರ್ಯೋಧನನ ಪಾತ್ರ ಮಾಡುವ ನಮ್ಮಣ್ಣನೊಬ್ಬ ದಾರಿ ತಡೆಯುವವನಾದ. ಗಂಟಲು ಜೋರು. ಎದುರು ನಿಂತು ಜಾತಿ ಎತ್ತಿ ಬೈದ. ನಾವು ಚಿಕ್ಕಂದಿನಿಂದ ಕೇಳಿದ ಮಾತುಗಳೇ ಅವು. ಮೊದಲನೇ ವಾರ ಒಬ್ಬ ಹುಡುಗ ಅವನ ಕೊರಳಪಟ್ಟಿ ಹಿಡಿದೇಬಿಟ್ಟ. ಅಣ್ಣನೂ ಅತ್ತ, ಹುಡುಗನೂ ಅತ್ತ. ಅವತ್ತು ತಾಲೀಮು ನಿಲ್ಲಿಸಿ ಟೀ ಕುಡಿದು ಮನೆಗೆ ಹೋದೆವು.

ಸಿಟ್ಟು ಬಂದಾಗ ಮನಸ್ಸಿಗೆ ಬುದ್ಧಿ ಹೇಳಿದರೆ ಕೇಳುವುದಿಲ್ಲ. ಮೈಗೆ ಒಂದು ಕೆಲಸ ಕೊಡಬೇಕು. ಅದಕ್ಕೆ ಒಂದು ಕಟ್ಟು ಮಾಡಿದೆವು. ಸ್ವಯಂಸೇವಕ ಟವೆಲ್ ಮೇಲೆತ್ತಿದ ಅಂದರೆ ಎಲ್ಲರೂ ಇದ್ದಲ್ಲೇ ಕೂರಬೇಕು. ಅಕ್ಕಪಕ್ಕದವರ ಕೈ ಹಿಡಿಯಬೇಕು. ಕೂತವರು ನುಗ್ಗೋಕೆ ಆಗಲ್ಲ. ಕೈ ಹಿಡಿದವರು ಕಲ್ಲು ಎತ್ತೋಕೆ ಆಗಲ್ಲ. ಆಫೀಸಿನವರ ಜೊತೆ ಮಾತಾಡುವವರು ಇಬ್ಬರೇ. ಕುಡಿದವರಿಗೆ ಜಾಗ ಇಲ್ಲ, ಸ್ವಂತ ತಮ್ಮನಾದರೂ ಸರಿ. ಹೆಂಗಸರನ್ನು ಮುಂದೆ ಕೂರಿಸಿದರೆ ಪೊಲೀಸರು ಕೈ ಮಾಡಲ್ಲ ಅಂತ ಯಾರೋ ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ಅವರನ್ನು ಗುರಾಣಿ ಮಾಡಿಕೊಳ್ಳೋದು ಎಂಥ ಹೋರಾಟ? ಕೊನೆಗೆ ನಮ್ಮ ಅತ್ತಿಗೆಯೇ ಎದ್ದು, "ಎಲ್ಲಿ ಕೂರಬೇಕು ಅಂತ ನಾವೇ ಹೇಳ್ತೀವಿ" ಅಂದರು. ಮಾತಾಡುವ ಇಬ್ಬರಲ್ಲಿ ಒಬ್ಬರು ಅವರೇ ಆದರು.

ಧರಣಿಗೆ ಒಂದು ವಾರ ಮೊದಲು ಪೊಲೀಸ್ ಠಾಣೆಗೆ ಪತ್ರ ಕೊಟ್ಟೆವು. ಎಷ್ಟು ಜನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಎಲ್ಲಿ, ಯಾರು ಹೊಣೆ, ಎಲ್ಲ ಬರೆದಿದ್ದೆವು. ಆಯುಧ ಇಲ್ಲದೆ ಶಾಂತಿಯಿಂದ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಅದಕ್ಕೆ ಸಮಂಜಸವಾದ ನಿರ್ಬಂಧ ಹಾಕುವ ಅಧಿಕಾರ ಸರ್ಕಾರಕ್ಕೂ ಇದೆ. ಎರಡೂ ತಿಳಿದಿರಬೇಕು. ಮೈಕಿಗೆ ಬೇರೆ ಅನುಮತಿ ತೆಗೆದುಕೊಂಡೆವು.

ಹೊರಡುವ ಮುಂಚಿನ ಭಾನುವಾರ ಹುಡುಗರನ್ನು ಮದ್ದೂರಿನ ಶಿವಪುರದ ಸತ್ಯಾಗ್ರಹ ಸೌಧಕ್ಕೆ ಕರೆದುಕೊಂಡು ಹೋದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ನಿಷೇಧ ಇದ್ದರೂ ಕಾಂಗ್ರೆಸ್ ನಾಯಕ ಟಿ. ಸಿದ್ಧಲಿಂಗಯ್ಯ ತ್ರಿವರ್ಣ ಧ್ವಜ ಏರಿಸಿ ಬಂಧನಕ್ಕೆ ಒಳಗಾದ ಜಾಗ ಅದು. ನಮ್ಮ ಜಿಲ್ಲೆಯ ನೆಲದಲ್ಲೇ ನಡೆದದ್ದು ಅಂತ ಅವರಿಗೆ ಗೊತ್ತಾಗಲಿ ಅನ್ನೋದೊಂದೇ ನನ್ನ ಆಸೆ.

ಮೂರು ದಿನ ತಾಲ್ಲೂಕು ಕಚೇರಿ ಮುಂದೆ ಕೂತೆವು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಎಲ್ಲರೂ ಕೂಲಿಯವರು, ಮೂರು ದಿನದ ಕೂಲಿ ಬಿಡೋಕೆ ಆಗಲ್ಲ. ಹಾಗಾಗಿ ಮನೆಗೊಬ್ಬರಂತೆ ಸರದಿ ಮಾಡಿದೆವು. ಗೇಟಿನ ಒಂದು ಪಕ್ಕ ಓಡಾಡೋಕೆ ಬಿಟ್ಟಿದ್ದೆವು. ಪಿಂಚಣಿಗೆ ಬರುವ ಮುದುಕರು ನಮ್ಮಿಂದ ವಾಪಸ್ ಹೋಗಬಾರದು, ಅಲ್ವಾ? ಅವರಿಗೂ ನಮ್ಮ ಚಿತ್ರಾನ್ನ ಕೊಟ್ಟೆವು. ನಕಾಶೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಶಾಮಿಯಾನಕ್ಕೆ ಕಟ್ಟಿದ್ದೆವು. ಹೋಗಿ ಬರುವವರೆಲ್ಲ ನಿಂತು ನೋಡಿದರು.

ಎರಡನೇ ದಿನ ಮಧ್ಯಾಹ್ನ ಒಬ್ಬ ಬೈಕ್ ನಿಲ್ಲಿಸಿ ಜಾತಿ ಹಿಡಿದು ಬೈದ. ಟವೆಲ್ ಮೇಲೆ ಹೋಯಿತು. ಅವತ್ತು ಕೊರಳಪಟ್ಟಿ ಹಿಡಿದಿದ್ದ ಹುಡುಗ ನನ್ನ ಪಕ್ಕದಲ್ಲೇ ಇದ್ದ. ನನ್ನ ಕೈ ಹಿಡಿದುಕೊಂಡ. ಮೂಳೆ ನೋಯುವಷ್ಟು ಬಿಗಿ. ಯಾರೂ ಏಳಲಿಲ್ಲ. ಅಜ್ಜಿಯರು ಸೋಬಾನೆ ಎತ್ತಿಕೊಂಡರು. ಬೈಕಿನವನು ಸ್ವಲ್ಪ ಹೊತ್ತು ನಿಂತು ಹೋದ. ಕಾವಲಿಗಿದ್ದ ಪೊಲೀಸಪ್ಪ ತಾನಾಗಿಯೇ ಬಂದು, ದೂರು ಕೊಡ್ತೀರಾ ಅಂತ ಕೇಳಿದ. ಕೊಟ್ಟೆವು.

ಮೂರನೇ ದಿನ ಅಧಿಕಾರಿಗಳು ಬಂದು ಸರ್ವೆಗೆ ದಿನಾಂಕ ಬರೆದುಕೊಟ್ಟರು. ಬಾಯಿ ಮಾತು ಬೇಡ, ಬರಹದಲ್ಲೇ ಬೇಕು ಅಂತ ಅತ್ತಿಗೆ ಹಟ ಹಿಡಿದಿದ್ದರು. ಸರ್ವೆಯರ್ ಅಳೆದು ಕಲ್ಲು ನೆಟ್ಟರು. ಮಹಜರಿಗೆ ಎರಡೂ ಕಡೆಯವರು ಸಹಿ ಹಾಕಿದೆವು. ನಿಂತ ಕಬ್ಬು ಇನ್ನು ಐದು ವಾರಕ್ಕೆ ಕಟಾವಿಗೆ ಬರುತ್ತಿತ್ತು. ಕಡಿದುಕೊಳ್ಳಲಿ, ಕಾಯುತ್ತೇವೆ ಅಂತ ನಾನು ಹೇಳಿದೆ. ಕೇರಿಯಲ್ಲಿ ಕೆಲವರು ನನ್ನ ಮೇಲೆ ಸಿಟ್ಟಾದರು, ಎರಡು ವಾರ ಮಾತು ಬಿಟ್ಟರು. ಅವರ ನೋವು ಸುಳ್ಳಲ್ಲ. ಆದರೆ ಸಾಲ ಮಾಡಿ ಬೆಳೆದ ಕಬ್ಬನ್ನು ತುಳಿದು ದಾರಿ ಪಡೆದರೆ, ನಾಳೆ ಅದೇ ದಾರಿಯಲ್ಲಿ ಮತ್ತೆ ಜಗಳ ಬೆಳೆಯುತ್ತದೆ ಅಂತ ನನಗೆ ಅನಿಸಿತ್ತು. ಕಬ್ಬಿನ ಯಜಮಾನರು ಹೇಳಿದ ವಾರಕ್ಕೇ ಕಡಿಸಿದರು.

ಈಗ ಟ್ರ್ಯಾಕ್ಟರ್ ಹೋಗುವಷ್ಟು ದಾರಿ ಇದೆ. ನಾಲೆ ಹತ್ತಿರ ಒಂದು ಮೋರಿ ಆಗಬೇಕು. ಮಳೆ ಬಂದರೆ ಅಲ್ಲಿ ಮಾತ್ರ ಇನ್ನೂ ನೀರು ನಿಲ್ಲುತ್ತದೆ. ಪಂಚಾಯಿತಿಗೆ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದಿದ್ದೇವೆ. ಭಾನುವಾರ ಸಂಜೆ ಸೇರೋದನ್ನು ನಿಲ್ಲಿಸಿಲ್ಲ.