ಡಬ್ಬಿಯಲ್ಲಿ ಉಳಿದ ಉಪ್ಪುಕಾಗದ

ಬಣ್ಣ ಬಳಿಯುವವರು ಮೂಲೆಯಲ್ಲಿ ಬಿಟ್ಟುಹೋಗುವ ಉಪ್ಪುಕಾಗದದ ತುಂಡುಗಳನ್ನು ನಾನು ಎಂದೂ ಕಸಕ್ಕೆ ಹಾಕಿದವಳಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಅವಕ್ಕೇ ಮೀಸಲು. ಇಲ್ಲಿನ ಅಂಗಡಿಗಳಲ್ಲಿ ‘ಪಾಲಿಶ್ ಪೇಪರ್’ ಎಂದು ಕೇಳಬೇಕು. ಹಿಂಬದಿಯ ಸಂಖ್ಯೆಯನ್ನು ನೋಡದೆ ಕೊಳ್ಳಬೇಡಿ. 60, 80 ಎಂದರೆ ಒರಟು, 120 ಮಧ್ಯಮ, 220ರಿಂದ ಮೇಲೆ ನಯ. ನೀರು ಹಾಕಿ ಉಜ್ಜುವುದಕ್ಕೆ ಕಪ್ಪು ಬಣ್ಣದ ವಾಟರ್ ಪೇಪರ್ ಬೇರೆಯೇ ಸಿಗುತ್ತದೆ.

ಮಳೆಗಾಲಕ್ಕೆ ಹೊಸ ಚಪ್ಪಲಿ ಕೊಂಡಿರಾ? ಮೆಟ್ಟುವ ಮೊದಲು ಅಡಿಭಾಗವನ್ನು 60ರ ಕಾಗದದಿಂದ ಅಡ್ಡಡ್ಡವಾಗಿ ಉಜ್ಜಿ, ಹೊಳಪು ಹೋಗುವವರೆಗೆ. ರೈಲ್ವೆ ಸೇತುವೆಯ ಒದ್ದೆ ಮೆಟ್ಟಿಲಿನಲ್ಲಿ ಜಾರಿ ಮೊಣಕಾಲು ಊದಿಸಿಕೊಂಡ ಮೇಲೆ ನಾನು ಕಲಿತದ್ದು ಇದು. ಈಗ ಮನೆಯಲ್ಲಿ ಯಾರ ಚಪ್ಪಲಿ ಬಂದರೂ ಮೊದಲು ನನ್ನ ಕೈಗೆ ಬರಬೇಕು. ಬಿಗಿದ ಉಪ್ಪಿನಕಾಯಿ ಭರಣಿಯ ಮುಚ್ಚಳಕ್ಕೂ ಅದೇ ತುಂಡು ಸಾಕು: ಒರಟು ಮುಖ ಮುಚ್ಚಳದ ಕಡೆಗೆ ಇರಲಿ, ಹಿಡಿದು ತಿರುಗಿಸಿ.

ದೋಸೆ ಕಾವಲಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಕಬ್ಬಿಣದ ಕಾವಲಿಯನ್ನು ತುಕ್ಕು ಹಿಡಿಯಿತೆಂದು ಗುಜರಿಗೆ ಹಾಕುವವರನ್ನು ಕಂಡರೆ ನನಗೆ ಹೊಟ್ಟೆಯುರಿಯುತ್ತದೆ. ಚೌತಿಗೆಂದು ಕುಂದಾಪುರಕ್ಕೆ ಹೋಗಿ ಹದಿನೈದು ದಿನ ಬಿಟ್ಟು ಬಂದರೆ ಈ ಊರಿನ ತೇವಕ್ಕೆ ಕಾವಲಿ ಕೆಂಪಗಾಗಿರುತ್ತದೆ. 220ರ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ಸುತ್ತು ಸುತ್ತಾಗಿ, ಭಾರ ಹಾಕದೆ ಉಜ್ಜಿ. ಬಿಸಿನೀರಿನಲ್ಲಿ ಮೂರು ಸಲ ತೊಳೆದು ಬಿಳಿಯ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ತುಕ್ಕೋ ಕಾಗದದಿಂದ ಉದುರಿದ ಒರಟು ಕಾಳೋ ಅಂಟಿದರೆ ಮತ್ತೊಮ್ಮೆ ತೊಳೆಯಿರಿ. ಒಲೆಯ ಮೇಲೆ ಒಣಗಿಸಿ, ಎಣ್ಣೆ ಸವರಿ, ಹೊಗೆಯಾಡುವವರೆಗೆ ಕಾಯಿಸಿ ಆರಿಸಿ. ಹೀಗೆ ಎರಡು ಮೂರು ಸಲ ಮಾಡಿದ ಮೇಲೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ ದೋಸೆ ಹೊಯ್ಯಿರಿ. ಮೊದಲ ದೋಸೆಯನ್ನು ತಿನ್ನಬೇಡಿ. ನಾನ್‌ಸ್ಟಿಕ್ ಪಾತ್ರೆಯ ಹತ್ತಿರ ಈ ಕಾಗದವನ್ನು ತರಲೇಬಾರದು, ಲೇಪವೇ ಎದ್ದುಹೋಗುತ್ತದೆ.

ಮಿಕ್ಸಿ ಜಾರಿಗೆ ಉಪ್ಪುಕಾಗದದ ಚೂರು ಹಾಕಿ ತಿರುಗಿಸಿದರೆ ಬ್ಲೇಡು ಹರಿತವಾಗುತ್ತದೆ ಎಂದು ನೆರೆಯವರೊಬ್ಬರು ಹೇಳಿದ್ದರು. ದಯವಿಟ್ಟು ಮಾಡಬೇಡಿ. ಉದುರಿದ ಕಾಳು ಬ್ಲೇಡಿನ ಬುಡದಲ್ಲಿ ಸೇರಿಕೊಂಡು ನಾಳೆಯ ಚಟ್ನಿಗೆ ಬರುತ್ತದೆ. ಮೊಂಡು ಕತ್ತರಿಗಾದರೆ ಅಡ್ಡಿಯಿಲ್ಲ: 150ರ ಕಾಗದವನ್ನು ಒರಟು ಮುಖ ಹೊರಗಿರುವಂತೆ ಮಡಚಿ ಎಂಟು ಹತ್ತು ಪಟ್ಟಿ ಕತ್ತರಿಸಿ, ಅಲಗುಗಳನ್ನು ಒರೆಸಿಡಿ. ಹೊಲಿಗೆಯ ಕತ್ತರಿಯನ್ನು ಮಾತ್ರ ಸಾಣೆಯವನಿಗೇ ಕೊಡಿ. ಇನ್ನು ಪೊಟ್ಟಣದ ಬೆಂಕಿಕಡ್ಡಿಯನ್ನು ಉಪ್ಪುಕಾಗದದ ಮೇಲೆ ಗೀರಿ ಹೊತ್ತಿಸಬಹುದು ಎನ್ನುವ ಮಾತು, ಅದನ್ನು ನಂಬಬೇಡಿ. ಅದಕ್ಕೆ ಬೇಕಾದ ಕೆಂಪು ರಂಜಕ ಇರುವುದು ಪೊಟ್ಟಣದ ಬದಿಯಲ್ಲಿ, ಈ ಕಾಗದದಲ್ಲಲ್ಲ.

ಜುಲೈ ಬಂತೆಂದರೆ ನಮ್ಮ ಕಟ್ಟಡದಲ್ಲಿ ಮರದ ಬಾಗಿಲುಗಳೆಲ್ಲ ಉಬ್ಬಿ ಕಚ್ಚಿಕೊಳ್ಳುತ್ತವೆ. ಬಡಗಿಯನ್ನು ಕರೆದು ಹತ್ತರಿ ಹೊಡೆಸಿದರೆ ಡಿಸೆಂಬರಿನಲ್ಲಿ ಮರ ಕುಗ್ಗಿ ಸಂದು ಬಿಡುತ್ತದೆ. ಬಾಗಿಲಿನ ಅಂಚಿಗೆ ಸೀಮೆಸುಣ್ಣ ಹಚ್ಚಿ ಮುಚ್ಚಿ ತೆರೆಯಿರಿ. ಸುಣ್ಣ ಅಳಿಸಿದ ಜಾಗವಷ್ಟೇ ತಾಗುವ ಜಾಗ. ಅಲ್ಲಿಗೆ ಮಾತ್ರ 80ರ ಕಾಗದ ಹಿಡಿಯಿರಿ, ಬಿಸಿಲು ಬಿದ್ದ ದಿನ ಆ ಬರಿ ಮರಕ್ಕೆ ಬಣ್ಣ ಕೊಡಿ. ಹಳೆಯ ಬಣ್ಣವಿದ್ದರೆ ಒಣಗಿದ್ದಂತೆ ಉಜ್ಜಬೇಡಿ, ಅದರ ಧೂಳಿನಲ್ಲಿ ವಿಷವಾದ ಸೀಸ ಇದ್ದೀತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಭಾಗದ ಮಿತಿ ಜಾರಿಗೆ ಬಂದದ್ದೇ 2017ರಲ್ಲಿ. ವಾಟರ್ ಪೇಪರನ್ನು ಒದ್ದೆ ಮಾಡಿ ಉಜ್ಜಿ, ಮೂಗಿಗೆ ಮಾಸ್ಕ್ ಕಟ್ಟಿ, ಮಕ್ಕಳನ್ನು ಆಚೆ ಕಳುಹಿಸಿ.

ಮೊಮ್ಮಗನ ಕಪ್ಪಾದ ರಬ್ಬರನ್ನು ನಯ ಕಾಗದದ ಮೇಲೆ ನಾಲ್ಕು ಸಲ ಎಳೆದರೆ ಮತ್ತೆ ಬೆಳ್ಳಗಾಗುತ್ತದೆ. ಸೆಲ್ ತೆಗೆದು, ರಿಮೋಟಿನ ಒಳಗಿನ ತುಕ್ಕು ಹಿಡಿದ ತಗಡಿಗೂ ಅದೇ ತುಂಡು.

ಹಾಗಲಕಾಯಿ ಬೀಜದ ಸಿಪ್ಪೆ ಗಟ್ಟಿ, ನೀರು ಬೇಗ ಒಳಗಿಳಿಯದು. ಬೀಜದ ಒಂದು ಪಕ್ಕೆಯನ್ನಷ್ಟೇ 120ರ ಕಾಗದದ ಮೇಲೆ ತುಸು ಸವೆಸಿ, ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಾಲ್ಕನಿಯ ಕುಂಡದಲ್ಲಿ ಊರುತ್ತೇನೆ. ಮೊಳಕೆ ಬರುವ ಚೂಪು ತುದಿಗೆ ಕಾಗದ ತಾಗಿಸಬೇಡಿ. ನಮ್ಮ ಬಳ್ಳಿ ಈಗ ಮೇಲಿನ ಮನೆಯವರ ಗ್ರಿಲ್ಲು ಹಿಡಿದಿದೆ.