ಹೋಂಸ್ಟೇಯ ನೋಟ್‌ಬುಕ್ಕಿನಲ್ಲಿ ಕಲಿತ ಇಂಗ್ಲಿಷು

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಯ ಬದಿಯ ಕಾಫಿ ತೋಟದಲ್ಲಿರುವ ಹೋಂಸ್ಟೇಯೊಂದನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಇಬ್ಬರು ಮಾಲೀಕರಲ್ಲಿ ಒಬ್ಬರಿಗೆ ಕನ್ನಡ ಬಾರದ ಕಾರಣ, ಅತಿಥಿಗಳು ಹೇಳಿದ್ದನ್ನು ಪ್ರತಿ ರಾತ್ರಿ ಇಂಗ್ಲಿಷಿನಲ್ಲಿ ಬರೆದು ಅವರಿಗೆ ಕಳುಹಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ, ಒಬ್ಬರು ಆಡಿದ ಮಾತನ್ನು ಇನ್ನೊಬ್ಬರಿಗೆ ವರದಿ ಮಾಡುವ ರಿಪೋರ್ಟೆಡ್ ಸ್ಪೀಚ್ ಎಂಬುದು ಅಲ್ಲಿಯವರೆಗೆ ಪರೀಕ್ಷೆಯ ಪ್ರಶ್ನೆಯಷ್ಟೇ ಆಗಿತ್ತು.

ಅದರ ಬೆಲೆ ತಿಳಿದದ್ದು ಒಂದು ಎಡವಟ್ಟಿನಿಂದ. ಜುಲೈ ತಿಂಗಳ ಮಳೆಯ ರಾತ್ರಿಯೊಂದರಲ್ಲಿ ‘ಗೆಸ್ಟ್ ಸೆಡ್ ಐ ವಿಲ್ ಕಮ್ ಟುಮಾರೊ’ ಎಂದು ಬರೆದು ಕಳುಹಿಸಿದೆ. ಕರೆಂಟು ಹೋಗಿ, ನೆಟ್‌ವರ್ಕೂ ಕೈಕೊಟ್ಟು, ಸಂದೇಶ ಅವರನ್ನು ತಲುಪಿದ್ದು ಮರುದಿನ ಬೆಳಿಗ್ಗೆ. ಅವರು ‘ಟುಮಾರೊ’ ಎಂಬುದನ್ನು ತಾವು ಓದಿದ ದಿನದಿಂದ ಎಣಿಸಿ, ಆ ರಾತ್ರಿಗೆ ಕೋಣೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ಸಂಜೆ ಎರಡು ಕುಟುಂಬಗಳು ಒಂದೇ ಬಾಗಿಲ ಮುಂದೆ ಕೊಡೆ ಮಡಚುತ್ತ ನಿಂತವು.

ಕನ್ನಡದಲ್ಲಿ ‘ನಾಳೆ ಬರುತ್ತೇನೆ ಎಂದರು’ ಎನ್ನುವಾಗ ಆಡಿದವರ ಮಾತನ್ನು ಇದ್ದ ಹಾಗೆಯೇ ಎತ್ತಿ ‘ಎಂದು’ವಿಗೆ ಒಪ್ಪಿಸುತ್ತೇವೆ, ‘ನಾನು’ ನಾನಾಗಿಯೇ, ‘ನಾಳೆ’ ನಾಳೆಯಾಗಿಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಆ ಮಾತು ನನ್ನ ಬಾಯಿಗೆ ಬಂದ ಮೇಲೆ ಎಲ್ಲವನ್ನೂ ನಾನಿರುವ ಜಾಗದಿಂದ, ನಾನು ಹೇಳುವ ಹೊತ್ತಿನಿಂದ ಅಳೆಯಬೇಕು: ‘ಐ’ ಇದ್ದಲ್ಲಿ ‘ಶಿ’, ‘ವಿಲ್’ ಇದ್ದಲ್ಲಿ ‘ವುಡ್’, ‘ಟುಮಾರೊ’ ಇದ್ದಲ್ಲಿ ‘ದ ನೆಕ್ಸ್ಟ್ ಡೇ’. ಅದೇ ದಿನ ಹೇಳುವುದಾದರೆ ‘ಟುಮಾರೊ’ ಬದಲಾಗಬೇಕಾಗಿಲ್ಲ ಎಂಬುದನ್ನು ಶಾಲೆಯಲ್ಲಿ ಯಾರೂ ಹೇಳಿಕೊಟ್ಟ ನೆನಪಿಲ್ಲ. ಈಗ ನಾನು ಸಂದೇಶದಲ್ಲಿ ನೇರವಾಗಿ ತಾರೀಖನ್ನೇ ಬರೆಯುತ್ತೇನೆ.

ಅಭ್ಯಾಸಕ್ಕೆಂದು ನೋಟ್‌ಬುಕ್ ಒಂದನ್ನು ಇಟ್ಟೆ. ಎಡಪುಟದಲ್ಲಿ ಅತಿಥಿ ಆಡಿದ ವಾಕ್ಯ, ಬಲಪುಟದಲ್ಲಿ ಅದರ ವರದಿ. ಊಟದ ಮೇಜಿನಲ್ಲಿ ಅವರ ಮಾತು ಹೆಚ್ಚಾಗಿ ತಮ್ಮ ನಗರದ ಮತ್ತು ನಮ್ಮ ಮನೆಯ ಸುತ್ತಲೇ ತಿರುಗುವುದರಿಂದ ವ್ಯಾಕರಣದ ಜೊತೆಗೆ ಪದಗಳೂ ತಾವಾಗಿಯೇ ಬಂದು ಸೇರಿದವು. ತೊಂದರೆ ಕೊಟ್ಟದ್ದು ಹೊಸ ಪದಗಳಲ್ಲ, ನನಗೆ ಗೊತ್ತಿದೆ ಎಂದುಕೊಂಡಿದ್ದ ಪದಗಳು. ಇಂಗ್ಲೆಂಡಿನಿಂದ ಬಂದಿದ್ದ ಮಹಿಳೆಯೊಬ್ಬರು ತಮ್ಮದು ಟೆರೇಸ್ಡ್ ಹೌಸ್ ಎಂದಾಗ ನಾನು ತಾರಸಿ ಮನೆ ಎಂದುಕೊಂಡು, ಮೇಲೆ ಬಟ್ಟೆ ಒಣಗಿಸುತ್ತೀರಾ ಎಂದು ಕೇಳಿದೆ. ಅವರು ನಗುತ್ತ ಫೋನಿನಲ್ಲಿ ಚಿತ್ರ ತೋರಿಸಿದರು: ಇಳಿಜಾರು ಮಾಡಿನ, ಗೋಡೆಗೆ ಗೋಡೆ ಅಂಟಿಕೊಂಡು ಸಾಲಾಗಿ ನಿಂತ ಮನೆಗಳು. ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳ ದೂರದ ನೆಂಟರಂತೆ ಕಂಡವು. ನಾವು ‘ಹಾಲ್’ ಎನ್ನುವುದು ಅವರಿಗೆ ಲಿವಿಂಗ್ ರೂಮ್. ಅವರ ‘ಹಾಲ್’ ಬಾಗಿಲು ದಾಟಿದೊಡನೆ ಸಿಗುವ ಓಣಿ. ಇನ್ನು ‘ಔಟ್‌ಹೌಸ್’ ಖಾಲಿ ಇದೆ ಎಂದು ಅಮೆರಿಕದವರಿಗೆ ಹೇಳುವ ಮುನ್ನ ಎರಡು ಬಾರಿ ಯೋಚಿಸಬೇಕು, ಏಕೆಂದರೆ ಅಲ್ಲಿ ಅದು ಮನೆಯ ಹೊರಗಿನ ಕಕ್ಕಸಿನ ಹೆಸರು.

ಪ್ರಶ್ನೆಗಳನ್ನು ವರದಿ ಮಾಡುವುದಕ್ಕೆ ಹೆಚ್ಚು ಕಾಲ ಹಿಡಿಯಿತು. ‘ಹೌ ಓಲ್ಡ್ ಇಸ್ ದ ಹೌಸ್’ ಎಂದು ಕೇಳಿದ್ದು ‘ಶಿ ಆಸ್ಕ್ಡ್ ಹೌ ಓಲ್ಡ್ ದ ಹೌಸ್ ವಾಸ್’ ಆಗುವಾಗ ಕ್ರಿಯಾಪದ ನಮ್ಮ ಕನ್ನಡದಲ್ಲಿರುವಂತೆ ಕೊನೆಗೆ ಹೋಗಿ ಕೂರುತ್ತದೆ. ಇದನ್ನು ಗಮನಿಸಿದ ದಿನದಿಂದ ಆ ತಪ್ಪು ಕಡಿಮೆಯಾಯಿತು. ಹೌದು, ಅಲ್ಲ ಎಂಬ ಉತ್ತರದ ಪ್ರಶ್ನೆಗಳಲ್ಲಿ ಪದಗಳ ಕ್ರಮ ಬದಲಿಸುವುದರ ಜೊತೆಗೆ ‘ಇಫ್’ ಸೇರಿಸಬೇಕು. ಆದರೆ ‘ನನಗೆ ಹೇಳಿದರು’ ಎಂಬ ರೂಢಿಯ ಬಲದಿಂದ ‘ಸೆಡ್ ಮಿ’ ಎಂಬುದು ಅವಸರದಲ್ಲಿ ಈಗಲೂ ನುಸುಳುತ್ತದೆ. ಬರೆದ ಮೇಲೆ ಹೊಡೆದು ಹಾಕಿ ‘ಟೋಲ್ಡ್ ಮಿ’ ಎಂದು ತಿದ್ದುತ್ತೇನೆ.

ಒಂದು ಬಲಪುಟ ಮಾತ್ರ ಇನ್ನೂ ಅರ್ಧ ಖಾಲಿಯಿದೆ. ಪಕ್ಕದ ತೋಟದ ಐನ್‌ಮನೆಯನ್ನು, ಅಂದರೆ ಕೊಡವ ಕುಲವೊಂದರ ಮೂಲಮನೆಯನ್ನು, ನೋಡಿ ಬಂದ ಅತಿಥಿ, ಇಲ್ಲಿ ಈಗ ಯಾರು ವಾಸಿಸುತ್ತಾರೆ ಎಂದು ಕೇಳಿದ್ದರು. ಪ್ರಶ್ನೆಯನ್ನು ಸರಿಯಾಗಿಯೇ ಬರೆದೆ. ಒಕ್ಕದವರೆಲ್ಲ, ಅಂದರೆ ಆ ಕುಲದವರೆಲ್ಲ, ಬೇರೆ ಬೇರೆ ಊರುಗಳಲ್ಲಿದ್ದರೂ ಹಬ್ಬಕ್ಕೆ ಬಂದು ನೆಲ್ಲಕ್ಕಿ ನಡುಬಾಡೆ ಎಂಬ ನಡುಕೋಣೆಯ ದೀಪದ ಮುಂದೆ ಸೇರುವ ಆ ಮನೆಗೆ ‘ಆನ್ಸೆಸ್ಟ್ರಲ್ ಹೌಸ್’ ಎಂದು ಬರೆದು, ತೃಪ್ತಿಯಾಗದೆ ಅಳಿಸಿ, ‘ಐನ್‌ಮನೆ’ ಎಂದೇ ಬಿಟ್ಟಿದ್ದೇನೆ.