ಪಂಚಮಿ ಉಂಡಿ ಬಿಡದೆ ತೂಕ ಇಳಿಸುವುದು ಹೇಗೆ?

ನಾಲ್ಕು ವರ್ಷದ ಹಿಂದೆ ನಾನು ತೂಕ ಇಳಿಸುವ ಒಂದು ಪುಡಿ ಡಬ್ಬಿ ತಂದಿದ್ದೆ. ಬೆಳಿಗ್ಗೆ ಒಂದು ಗ್ಲಾಸ್, ರಾತ್ರಿ ಒಂದು ಗ್ಲಾಸ್, ಮಧ್ಯಾಹ್ನ ಮಾತ್ರ ಒಂದಿಷ್ಟು ಊಟ. ಒಂದೂವರೆ ತಿಂಗಳಲ್ಲಿ 6 ಕಿಲೋ ಇಳಿಯಿತು. ಅಷ್ಟರಲ್ಲಿ ನಾಗರ ಪಂಚಮಿ ಬಂತು. ಮನೆ ತುಂಬ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಜೋಳದ ಅಳ್ಳು. ಮಕ್ಕಳು ಜೋಕಾಲಿ ಆಡಿ ಬಂದು ಉಂಡಿ ತಿನ್ನುವಾಗ ಎದುರಿಗೆ ಕೂತು ಪುಡಿ ಕಲಸಿದ ನೀರು ಕುಡಿಯುವುದು ನನ್ನಿಂದ ಆಗಲಿಲ್ಲ. ದೀಪಾವಳಿ ಹೊತ್ತಿಗೆ 8 ಕಿಲೋ ವಾಪಸ್ ಬಂದಿತ್ತು.

ಆಗ ಹುಟ್ಟಿದ ಪ್ರಶ್ನೆಯನ್ನು ಇವತ್ತಿಗೂ ಬಿಟ್ಟಿಲ್ಲ. ಯಾರೇ ಹೊಸ ಡಯಟ್ ಹೇಳಲಿ, ಮೊದಲು ಕೇಳಿಕೊಳ್ಳುತ್ತೇನೆ: ಇದನ್ನು ಮುಂದಿನ ಪಂಚಮಿಯಲ್ಲೂ ಮಾಡ್ತಾ ಇರ್ತೀನಾ? ಇಲ್ಲ ಅಂತ ಮನಸ್ಸು ಹೇಳಿದರೆ ಅದನ್ನು ಶುರು ಮಾಡುವುದೇ ಇಲ್ಲ. ಈ ಪ್ರಶ್ನೆ ಒಂದನ್ನೇ ಹಿಡಿದು ಒಂದೂವರೆ ವರ್ಷದಲ್ಲಿ 11 ಕಿಲೋ ಇಳಿಸಿದೆ. ಅದು ಇನ್ನೂ ವಾಪಸ್ ಬಂದಿಲ್ಲ. ಹೇಗೆ ಮಾಡಿದೆ ಅನ್ನುವುದನ್ನು ಹಂತ ಹಂತವಾಗಿ ಹೇಳುತ್ತೇನೆ. ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಇರುವ ಊಟದಲ್ಲೇ ಇದೆಲ್ಲ ಆಗುತ್ತದೆ.

ಅಂದ ಹಾಗೆ, ಮೊದಲ ವಾರದಲ್ಲೇ 3 ಕಿಲೋ ಇಳಿಯಿತು ಅಂತ ಯಾರಾದರೂ ಹೇಳಿದರೆ ಮರುಳಾಗಬೇಡಿ. ನಮ್ಮ ಲಿವರ್ ಮತ್ತು ಸ್ನಾಯುಗಳು ಒಂದಿಷ್ಟು ಸಕ್ಕರೆಯನ್ನು ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟಿರುತ್ತವೆ. ಪ್ರತಿ ಗ್ರಾಂ ಗ್ಲೈಕೊಜೆನ್ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಊಟ ಏಕಾಏಕಿ ಕಡಿಮೆಯಾದಾಗ ದೇಹ ಈ ದಾಸ್ತಾನು ಖರ್ಚು ಮಾಡುತ್ತದೆ, ಅದರ ಜೊತೆ ನೀರೂ ಹೋಗುತ್ತದೆ. ತಕ್ಕಡಿ ಇಳಿಯುತ್ತದೆ, ಕೊಬ್ಬು ಬಹುಪಾಲು ಅಲ್ಲೇ ಇರುತ್ತದೆ.

ಮೊದಲು ಟೇಪು ಹಿಡಿಯಿರಿ

ಹೊಲಿಗೆ ಟೇಪಿನಿಂದ ಸೊಂಟ ಅಳೆದು ಬರೆದಿಡಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಕೊಬ್ಬು ಜಾಸ್ತಿ ಅಂತ ಲೆಕ್ಕ. ಬಿಎಂಐ (ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ) ಕೂಡ ನಮಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ತೂಕವನ್ನು ವಾರಕ್ಕೆ ಒಂದೇ ಸಲ ನೋಡಿ, ಅದೂ ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ. ದಿನಾ ನೋಡಿದರೆ ಉಪ್ಪು, ನೀರು, ಮುಟ್ಟಿನ ದಿನಗಳ ಕಾರಣಕ್ಕೆ ಒಂದೆರಡು ಕಿಲೋ ಹಿಂದೆ ಮುಂದೆ ಆಗುತ್ತದೆ, ಸುಮ್ನೆ ಬೇಜಾರು.

ಗುರಿ ಚಿಕ್ಕದಿರಲಿ. ಈಗಿನ ತೂಕದ ಶೇ 5ರಿಂದ 10ರಷ್ಟು ಇಳಿದರೂ ಬಿಪಿ, ಸಕ್ಕರೆ ಎರಡೂ ಸುಧಾರಿಸುತ್ತವೆ. 80 ಕಿಲೋ ಇರುವವರಿಗೆ ಅದು 4ರಿಂದ 8 ಕಿಲೋ ಅಷ್ಟೇ. ವಾರಕ್ಕೆ ಅರ್ಧ ಕಿಲೋ ಇಳಿದರೆ ಬೇಕಾದಷ್ಟಾಯಿತು.

ಒಂದು ಮಾತು ಇಲ್ಲೇ ಹೇಳಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ. ಔಷಧಿ ಅಷ್ಟೇ ಇದ್ದು ಊಟ ಇಳಿದರೆ ಸಕ್ಕರೆ ತೀರಾ ಕೆಳಗೆ ಹೋಗಿ ತಲೆ ಸುತ್ತಿ ಬೀಳಬಹುದು. ಬಸುರಿಯರು, ಬಾಣಂತಿಯರು, ಥೈರಾಯ್ಡ್ ಅಥವಾ ಹೃದಯದ ತೊಂದರೆ ಇರುವವರೂ ಅಷ್ಟೇ, ಕೇಳಿಯೇ ಶುರು ಮಾಡಿ.

ಕಿರಾಣಿ ಚೀಟಿ ಓದಿ

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದು. ದಿನಾ ತಿಂದದ್ದನ್ನು ಮೊಬೈಲಿನಲ್ಲಿ ಬರೆಯುವುದು ನಾಲ್ಕು ದಿನಕ್ಕೆ ನಿಂತುಹೋಯಿತು. ಅದರ ಬದಲು ತಿಂಗಳ ಕಿರಾಣಿ ಚೀಟಿ ತೆಗೆದು ಎರಡೇ ಸಾಲು ನೋಡಿದೆ, ಎಣ್ಣೆ ಮತ್ತು ಸಕ್ಕರೆ.

ನಮ್ಮ ಮನೆಯಲ್ಲಿ ನಾಲ್ಕು ಜನ. ತಿಂಗಳಿಗೆ 5 ಲೀಟರ್ ಎಣ್ಣೆ ಬರುತ್ತಿತ್ತು. ಭಾಗಿಸಿ ನೋಡಿ, ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 42 ಮಿಲಿ ಆಗುತ್ತದೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇರುತ್ತದೆ, ಜೋಳದ ಪಿಷ್ಟದಲ್ಲಾಗಲಿ ಬೇಳೆಯ ಪ್ರೋಟೀನಿನಲ್ಲಾಗಲಿ 4 ಮಾತ್ರ. ಹಾಗಾಗಿ ಈ ಎಣ್ಣೆಯೊಂದರಿಂದಲೇ ತಲೆಗೆ ದಿನಕ್ಕೆ 340 ಕ್ಯಾಲೊರಿ ಹೋಗುತ್ತಿತ್ತು. 3 ಲೀಟರಿಗೆ ಇಳಿಸಿದೆವು. ಯಾರ ತಟ್ಟೆಯಲ್ಲೂ ರೊಟ್ಟಿ ಕಡಿಮೆಯಾಗದೆ ದಿನಕ್ಕೆ 130ಕ್ಕೂ ಜಾಸ್ತಿ ಕ್ಯಾಲೊರಿ ಇಳಿಯಿತು. ಅದು ಅರ್ಧ ಗಂಟೆಯ ಬಿರುಸಿನ ನಡಿಗೆಗೆ ಹೆಚ್ಚು ಕಡಿಮೆ ಸಮ.

ಇಳಿಸಿದ್ದು ಹೇಗೆ ಅಂದರೆ, ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವುದನ್ನು ಬಿಟ್ಟೆವು. ವಾರಕ್ಕೆ 700 ಮಿಲಿ ಅಳೆದು ಒಂದು ಬಾಟಲಿಗೆ ಹಾಕುತ್ತೇವೆ, ಒಗ್ಗರಣೆಗೆ ಚಮಚ. ಬಾಟಲಿ ಗುರುವಾರಕ್ಕೇ ಅರ್ಧಕ್ಕಿಂತ ಕೆಳಗೆ ಬಂದಿದ್ದರೆ ಶುಕ್ರವಾರ ಕರಿದದ್ದು ಇಲ್ಲ. ಬದನೆಕಾಯಿ ಎಣ್ಣೆಗಾಯಿಗೆ ಮೇಲೆ ಎಣ್ಣೆ ತೇಲಲೇಬೇಕು ಅಂತ ನಮ್ಮತ್ತೆ ಹೇಳುತ್ತಿದ್ದರು. ಆದರೆ ತುಂಬುವ ಮಸಾಲೆಯಲ್ಲಿ ಶೇಂಗಾ, ಎಳ್ಳು, ಗುರೆಳ್ಳು ಇರುತ್ತವಲ್ಲ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಅವೇ ಎಣ್ಣೆ ಬಿಡುತ್ತವೆ. ಎರಡು ಚಮಚದಲ್ಲಿ ಆಗುತ್ತದೆ. ಈಗ ಅತ್ತೆಯೂ ಹಾಗೇ ಮಾಡುತ್ತಾರೆ.

ಸಕ್ಕರೆಗೂ ಇದೇ ಲೆಕ್ಕ. ನಾಲ್ಕು ಜನರಿಗೆ ತಿಂಗಳಿಗೆ 4 ಕಿಲೋ ಅಂದರೆ ತಲೆಗೆ ದಿನಕ್ಕೆ 33 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 2000 ಕ್ಯಾಲೊರಿ ಊಟ ಮಾಡುವವರಿಗೆ ಮೇಲಿನಿಂದ ಸೇರುವ ಸಕ್ಕರೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು. ಬಿಸ್ಕಿಟ್, ಪೇಡೆ, ಬೆಲ್ಲ ಎಲ್ಲ ಆ ಲೆಕ್ಕದಲ್ಲೇ ಬರುತ್ತವೆ ಅನ್ನುವುದು ನೆನಪಿರಲಿ.

ಊಟದ ಎರಡನೇ ಸುತ್ತು ನೋಡಿ

ಜೋಳದ ರೊಟ್ಟಿ ತಿಂದರೆ ತೂಕ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. 50 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 165 ಕ್ಯಾಲೊರಿ, ಅಷ್ಟೇ ತೂಕದ ಗೋಧಿ ಹಿಟ್ಟಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ರೊಟ್ಟಿಯ ಲಾಭ ಬೇರೆ ಕಡೆ ಇದೆ: ನಾರು ಚೆನ್ನಾಗಿದೆ, ಬಡಿಯಲು ಎಣ್ಣೆ ಬೇಡ, ಅಗಿದು ತಿನ್ನಬೇಕು, ಹೊಟ್ಟೆ ಹೊತ್ತು ಹಿಡಿಯುತ್ತದೆ. ಕಟಕ್ ರೊಟ್ಟಿಯಲ್ಲಿ ಮಾತ್ರ ಹುಷಾರು. ಒಣಗಿದಾಗ ಹೋಗಿರುವುದು ನೀರು, ಹಿಟ್ಟು ಹಾಗೇ ಇದೆ. ಕೈಗೆ ಹಗುರ ಅನಿಸಿ ಮಾತಾಡುತ್ತಾ ನಾಲ್ಕು ಮುರಿದು ತಿಂದುಬಿಡುತ್ತೇವೆ.

ನಮ್ಮ ಕಡೆಯ ನಿಜವಾದ ತೊಂದರೆ ಎರಡನೇ ಸುತ್ತು. ರೊಟ್ಟಿ, ಪಲ್ಯ, ಚಟ್ನಿ, ಮೊಸರು ಉಂಡು ಹೊಟ್ಟೆ ತುಂಬಿರುತ್ತದೆ. ಆದರೂ ಅನ್ನ ಉಣ್ಣದಿದ್ದರೆ ಊಟ ಮುಗಿದಂತಾಗುವುದಿಲ್ಲ ಅಂತ ಅನ್ನ ಸಾರು, ಆಮೇಲೆ ಅನ್ನ ಮಜ್ಜಿಗೆ. ಒಂದೇ ಹೊತ್ತಿಗೆ ಎರಡು ಊಟ ಆಯಿತು ಅಲ್ವಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನದ ಕ್ಯಾಲೊರಿಯಲ್ಲಿ ಧಾನ್ಯಗಳ ಪಾಲು ಶೇ 45 ಮೀರದಿರಲಿ ಅಂತ ಹೇಳಿದೆ. ನಮ್ಮ ಎರಡು ಸುತ್ತಿನ ಊಟದಲ್ಲಿ ಅದು ಸುಲಭವಾಗಿ ಮೀರುತ್ತದೆ.

ಅನ್ನ ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ, ನನಗೂ ಆಗಲಿಲ್ಲ. ಮಧ್ಯಾಹ್ನ ಎರಡು ರೊಟ್ಟಿ, ಒಂದು ಸಣ್ಣ ವಾಟಿ ಅನ್ನ ಅಂತ ಮಾಡಿಕೊಂಡೆ. ಮೊದಲು ಮೂರು ರೊಟ್ಟಿ, ತಟ್ಟೆ ತುಂಬ ಅನ್ನ ಇತ್ತು. ಖಾಲಿಯಾದ ಜಾಗಕ್ಕೆ ಹಸಿ ತರಕಾರಿ ಬಂತು: ಮೆಂತ್ಯ ಸೊಪ್ಪು, ಮೂಲಂಗಿ, ಸವತಿಕಾಯಿ, ಗಜ್ಜರಿ, ಉಳ್ಳಾಗಡ್ಡಿ. ಇದು ನಮಗೆ ಹೊಸದೇನಲ್ಲ. ಖಾನಾವಳಿಯಲ್ಲಿ ಕೂತರೆ ಇವತ್ತಿಗೂ ತಟ್ಟೆ ಬದಿಗೆ ಹಸಿ ಸೊಪ್ಪು ಇಡುತ್ತಾರೆ, ನಾವೇ ಮನೆಯಲ್ಲಿ ಮರೆತಿದ್ದೇವೆ.

ಇನ್ನೊಂದು ಪಾಲು ಕಾಳಿನದು. ಮಡಕಿ, ಹೆಸರು, ಅಲಸಂದಿ, ಹುರಳಿ, ಕಡ್ಲಿ, ಯಾವುದಾದರೂ ಸರಿ. ಒಣ ಕಾಳಿನಲ್ಲಿ ತೂಕದ ಸುಮಾರು ಐದನೇ ಒಂದು ಪಾಲು ಪ್ರೋಟೀನ್ ಇರುತ್ತದೆ. 60 ಕಿಲೋ ತೂಕದವರಿಗೆ ದಿನಕ್ಕೆ 50 ಗ್ರಾಂ ಪ್ರೋಟೀನ್ ಬೇಕು. ಊಟ ಕಡಿಮೆ ಮಾಡುವಾಗ ಇದು ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಸಂಜೆ ಐದಕ್ಕೇ ಹಸಿವು ಶುರುವಾಗುತ್ತದೆ. ಭಾನುವಾರ ರಾತ್ರಿ ಕಾಳು ನೆನೆಹಾಕಿ, ಸೋಮವಾರ ಬಟ್ಟೆ ಕಟ್ಟಿ ಮೊಳಕೆ ಬರಿಸಿ ಫ್ರಿಡ್ಜಿನಲ್ಲಿಟ್ಟರೆ ಎರಡು ಮೂರು ದಿನದ ಪಲ್ಯಕ್ಕೆ ಚಿಂತೆ ಇಲ್ಲ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ ಸಿಗುತ್ತದೆ.

ಶೇಂಗಾ ಚಟ್ನಿ ಒಳ್ಳೆಯದೇ. ಆದರೆ 100 ಗ್ರಾಂ ಶೇಂಗಾದಲ್ಲಿ 560ಕ್ಕೂ ಜಾಸ್ತಿ ಕ್ಯಾಲೊರಿ ಇದೆ. ಒಂದು ದೊಡ್ಡ ಚಮಚ ಸಾಕು, ಕಲಸಲು ಎಣ್ಣೆ ಬದಲು ಮೊಸರು.

ಚಹಾ ಮತ್ತು ಗಿರ್ಮಿಟ್

ದಿನಕ್ಕೆ ನಾಲ್ಕು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ 40 ಗ್ರಾಂ. ಒಮ್ಮೆಲೇ ಬಿಟ್ಟರೆ ಮೂರನೇ ದಿನ ತಲೆನೋವು ಅಂತ ಮತ್ತೆ ಶುರುವಾಗುತ್ತದೆ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಇಳಿಸಿ. ಎರಡು ತಿಂಗಳಲ್ಲಿ ನಾಲಿಗೆ ಒಗ್ಗುತ್ತದೆ.

ಸಂಜೆ ಗಿರ್ಮಿಟ್ ಮಿರ್ಚಿ ವಿಷಯದಲ್ಲಿ ನಾನು ಯಾರಿಗೂ ಬಿಡಿ ಅನ್ನುವುದಿಲ್ಲ. ಚುರುಮುರಿ ಹಗುರ, ಭಾರ ಇರುವುದು ಅದರ ಎಣ್ಣೆ ಮಸಾಲೆಯಲ್ಲಿ ಮತ್ತು ಜೊತೆಗೆ ಬರುವ ಮಿರ್ಚಿಯಲ್ಲಿ. ನಾನು ಶನಿವಾರ ಅಂತ ಇಟ್ಟುಕೊಂಡಿದ್ದೇನೆ. ಒಂದು ಪ್ಲೇಟ್ ಗಿರ್ಮಿಟ್, ಒಂದು ಮಿರ್ಚಿ, ಕೂತು ಆರಾಮಾಗಿ ತಿನ್ನುತ್ತೇನೆ. ಉಳಿದ ದಿನ ಸಂಜೆ ಆರಕ್ಕೆ ಹುರಿಗಡಲೆ ಅಥವಾ ಒಂದು ಪೇರಲ. ಖಾಲಿ ಹೊಟ್ಟೆಯಲ್ಲಿ ಭಜಿ ಅಂಗಡಿ ಮುಂದೆ ಹಾದು ಹೋಗುವುದು ಎಂಥ ಗಟ್ಟಿ ಮನಸ್ಸಿನವರಿಗೂ ಕಷ್ಟ, ಹಾಗಾಗಿ ಆಫೀಸು ಬಿಡುವ ಮೊದಲೇ ತಿಂದು ಹೊರಡುವುದು.

ನಡಿಗೆಯನ್ನು ದಿನದೊಳಗೆ ಸೇರಿಸಿ

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ಓಡಾಡಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿರುಸು ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮೊದಲ ವಾರ ದಿನಕ್ಕೆ 10 ನಿಮಿಷ ಸಾಕು. ಎರಡು ವಾರಕ್ಕೊಮ್ಮೆ 5 ನಿಮಿಷ ಸೇರಿಸುತ್ತಾ ಹೋಗಿ.

ಜಾಗಕ್ಕೆ ನಮ್ಮಲ್ಲಿ ಕೊರತೆ ಇಲ್ಲ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ತೋಳನಕೆರೆ, ಏರು ಬೇಕೆಂದರೆ ನೃಪತುಂಗ ಬೆಟ್ಟ. ಧಾರವಾಡದವರಿಗೆ ಕೆಲಗೇರಿ ಕೆರೆ, ಕರ್ನಾಟಕ ವಿಶ್ವವಿದ್ಯಾಲಯದ ಮರಗಳ ಕೆಳಗಿನ ರಸ್ತೆ. ಗದಗದವರಿಗೆ ಭೀಷ್ಮ ಕೆರೆಯ ದಂಡೆ. ಆದರೆ ದಿನಾ ಬೆಳಿಗ್ಗೆ ಐದಕ್ಕೆದ್ದು ಕೆರೆಗೆ ಹೋಗುವುದು ಮನೆ, ಮಕ್ಕಳು, ನೀರು ಬರುವ ಹೊತ್ತು ಎಲ್ಲ ನೋಡಿಕೊಳ್ಳುವ ಹೆಂಗಸರಿಗೆ ಆಗುವ ಮಾತಲ್ಲ. ನನಗೆ ಕೈಹಿಡಿದದ್ದು ಚಿಗರಿ ಬಸ್. ಧಾರವಾಡದಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವಾಗ ಒಂದು ನಿಲ್ದಾಣ ಮೊದಲೇ ಇಳಿಯುತ್ತೇನೆ, ಬರುವಾಗಲೂ ಹಾಗೇ. ಎರಡೂ ಸೇರಿ ಅರ್ಧ ಗಂಟೆ ಆಗುತ್ತದೆ, ಅದಕ್ಕಾಗಿ ಬೇರೆ ಹೊತ್ತು ಹುಡುಕಬೇಕಿಲ್ಲ.

ಜೂನ್ ಹಿಡಿದರೆ ಧಾರವಾಡದ ಜಿಟಿಜಿಟಿ ಮಳೆ, ಏಪ್ರಿಲ್‌ನಲ್ಲಿ ಹುಬ್ಬಳ್ಳಿ, ಗದಗದ ಬಿಸಿಲು. ನಡಿಗೆ ತಪ್ಪುವುದು ಈ ದಿನಗಳಲ್ಲೇ. ಮನೆಯೊಳಗೆ ಮಾಡುವಂಥದ್ದು ಒಂದು ಮೊದಲೇ ಗೊತ್ತಿರಲಿ, ಮೆಟ್ಟಿಲು ಹತ್ತಿ ಇಳಿಯುವುದಾದರೂ ಸರಿ. ಮತ್ತೆ ವಾಕಿಂಗ್ ಮುಗಿಸಿ ಗೆಳೆಯರ ಜೊತೆ ಪೂರಿ, ವಡೆ ತಿನ್ನುವ ರೂಢಿ ಇದ್ದರೆ ದಯವಿಟ್ಟು ಬಿಡಿ. ಅರ್ಧ ಗಂಟೆ ನಡೆದು ಖರ್ಚಾಗುವುದು 70 ಕಿಲೋ ತೂಕದವರಿಗೆ 130ರಿಂದ 150 ಕ್ಯಾಲೊರಿ ಮಾತ್ರ.

ವಾರದಲ್ಲಿ ಎರಡು ದಿನ ಬಸ್ಕಿ ಹೊಡೆಯಿರಿ. ಗರಡಿಮನೆಯ ನಾಡು ನಮ್ಮದು, ಇದನ್ನು ಹೇಳಿಕೊಡಲು ಯಾರೂ ಬೇಕಿಲ್ಲ. ಮಂಡಿ ನೋವಿದ್ದರೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ. ಹತ್ತು ಹತ್ತರಂತೆ ಮೂರು ಸಲ.

ಒಂದು ಸಲಕ್ಕೆ ಒಂದೇ ಬದಲಾವಣೆ

ಮೇಲಿನದೆಲ್ಲ ಒಂದೇ ಸೋಮವಾರ ಶುರು ಮಾಡಿದರೆ ಮುಂದಿನ ಸೋಮವಾರಕ್ಕೆ ಏನೂ ಉಳಿದಿರುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಹೊಸ ಅಭ್ಯಾಸ ಮೈಗೂಡಲು ಎಷ್ಟು ದಿನ ಬೇಕು ಅಂತ ನೋಡಿದಾಗ ಸರಾಸರಿ 66 ದಿನ ಬಂತು, ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ ಅನ್ನುವುದು ನನಗೆ ಅದರಲ್ಲಿ ತುಂಬಾ ಹಿಡಿಸಿದ ಮಾತು. ನಾನು ಮೊದಲು ಎಣ್ಣೆ ಹಿಡಿದೆ, ಎರಡು ತಿಂಗಳ ಮೇಲೆ ಅನ್ನ, ಆಮೇಲೆ ಬಸ್ಸು.

ತಪ್ಪುವ ದಿನಗಳು ಬಂದೇ ಬರುತ್ತವೆ. ಮದುವೆ ಮನೆಯಲ್ಲಿ ಗೋಧಿ ಹುಗ್ಗಿ ನೀಡುವವರು ಎದುರಿಗೆ ನಿಂತು "ಇನ್ನೊಂದು ಸೌಟು ಹಾಕ್ಸ್ಕೋರಿ" ಅಂದರೆ ಬೇಡ ಅನ್ನುವುದು ನಮಗೆ ಕಷ್ಟ. ಎಲೆಯಲ್ಲಿ ಸ್ವಲ್ಪ ಉಳಿಸಿಕೊಂಡೇ ನಿಧಾನವಾಗಿ ಉಣ್ಣಿ, ಖಾಲಿ ಎಲೆಗೆ ಬಡಿಸುತ್ತಾರೆ, ತುಂಬಿದ ಎಲೆ ದಾಟಿ ಹೋಗುತ್ತಾರೆ. ಮರುದಿನ ಉಪವಾಸ ಮಾಡಬೇಡಿ, ಎಂದಿನ ಎರಡು ರೊಟ್ಟಿ, ಒಂದು ವಾಟಿ ಅನ್ನ. ಪಂಚಮಿಗೂ ಹೀಗೇ: ಉಂಡಿಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟುತ್ತೇವೆ, ಊಟವಾದ ಮೇಲೆ ಒಂದು, ಡಬ್ಬಿ ಮುಗಿಯುವವರೆಗೆ.

ಐದಾರು ಕಿಲೋ ಇಳಿದ ಮೇಲೆ ತಕ್ಕಡಿ ತಿಂಗಳುಗಟ್ಟಲೆ ನಿಲ್ಲುವುದುಂಟು. ಹಗುರಾದ ದೇಹಕ್ಕೆ ಮೊದಲಿನಷ್ಟು ಊಟ ಬೇಕಾಗುವುದಿಲ್ಲ, ಅದಕ್ಕೇ ಹೀಗೆ. ಗಾಬರಿಯಾಗಿ ರಾತ್ರಿ ಊಟ ಬಿಡಬೇಡಿ. ಏಳು ಗಂಟೆ ನಿದ್ದೆ ಆಗ್ತಿದೆಯಾ ನೋಡಿ, ನಿದ್ದೆ ಕೆಟ್ಟರೆ ಹಸಿವು ಜಾಸ್ತಿ. ಸೊಂಟ ಅಳೆಯಿರಿ, ತೂಕ ನಿಂತಾಗಲೂ ನನ್ನ ಟೇಪು ಒಂದು ಇಂಚು ಇಳಿದಿತ್ತು. ಎರಡು ಕಿಲೋ ಏರಿದೆ ಅನಿಸಿದರೆ ಮಾತ್ರ ಕಿರಾಣಿ ಚೀಟಿ ತೆಗೆಯಿರಿ. ಕಳೆದ ಚಳಿಗಾಲದಲ್ಲಿ ನನಗೆ ಹಾಗಾದಾಗ ಚೀಟಿಯಲ್ಲಿ ಎಣ್ಣೆ ನಾಲ್ಕೂವರೆ ಲೀಟರಿಗೆ ಬಂದು ಕೂತಿತ್ತು.